ಕತ್ತರಿ ಸವಾರಿ

“ಸೈಕಲ್ ಓಡಸಾಕ ಬರತೈತಿಲ್ಲ, ತಾರವ್ವಾ?” ರಾಯಬಾಗದ ಸೈಕಲ್ ಅಂಗಡಿಯ ಹುಸೇನಮಿಯಾ ಕೇಳಿದ.

“ಬರತೈತ್ರಿ ಚಾಚಾ. ಸಣ್ಣಾಕಿದ್ದಾಗ ಕತ್ತರಿ ಹೊಡೀತಿದ್ನಿ.”

ನಡುವಿನ ದಾಂಡಿಯ ಕೆಳಗೆ ಕಾಲು ತೂರಿಸಿ ಹೊಡೆಯುವ ಆ ಸವಾರಿ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಸೀಟಿನ ಮೇಲಂತೂ ಅವಳು ಜನ್ಮದಲ್ಲಿ ಕೂತವಳಲ್ಲ. ಆದರೆ ನಾಳೆ ಒಂಬತ್ತಕ್ಕೆ ಅಲಖನೂರ ದಾರಿಯ ತೋಟದ ಅಂಗನವಾಡಿಯ ಬಾಗಿಲು ತೆಗೆಯಲೇಬೇಕು. ಬಸ್ಸು ಬರುವುದು ಹತ್ತಕ್ಕೆ. ಇನ್ನೊಂದು ದಿನ ತಡವಾದರೆ ಬೇರೆಯವರನ್ನು ಹಾಕುತ್ತೇನೆಂದು ಸುಪರ್ವೈಝರ್ ಬಾಯಿ ಖಡಾಖಂಡಿತ ಹೇಳಿ ಹೋಗಿದ್ದಳು. ಗಂಡ ಸತ್ತ ಮೇಲೆ ಅತ್ತೆ-ಸೊಸೆಯ ಒಲೆ ಉರಿಯುವುದೇ ಆ ಕೆಲಸದಿಂದ.

ಹುಸೇನಮಿಯಾ ಒಂದೊಂದನ್ನೇ ಮುಟ್ಟಿ ತೋರಿಸಿದ. “ಇದು ಚೈನು. ಇದು ಫ್ರೀವ್ಹೀಲು. ನೀ ಪೆಡಲ್ ತುಳಿಯೂದು ಬಿಟ್ರೂ ಗಾಲಿ ತಿರಗತೈತಿ, ಅಂಜಬ್ಯಾಡ. ಇವು ಬ್ರೇಕು. ಎರಡೂ ಕೂಡೇ ಹಿಡೀಬೇಕು. ಮುಂದಿಂದಷ್ಟ ಹಿಡದ್ರ ಬೋರಲ ಬೀಳ್ತಿ.”

“ನಮ್ಮಪ್ಪನ ಸೈಕಲ್ಲಿಗೆ ಬ್ರೇಕ ಇರಲಿಲ್ರಿ. ಕಾಲು ನೆಲಕ್ಕ ತಿಕ್ಕಿ ನಿಲ್ಲಸ್ತಿದ್ನಿ.”

“ಈಗ ಹಂಗ ಮಾಡಿದ್ರ ಹಿಮ್ಮಡ ಉಳಿಯೂದಿಲ್ಲ, ತಂಗೀ!”

ಮೊದಲಿನಂತೆ ಕತ್ತರಿ ಹೊಡೆಯುತ್ತ ತಾರವ್ವ ಹತ್ತು ಮಾರು ಹೋದಳೋ ಇಲ್ಲವೋ, ಉಟ್ಟಿದ್ದ ಐದು ವಾರಿ ಸೀರೆಯ ನಿರಿಗೆ ಚೈನಿಗೆ ಸಿಕ್ಕಿ ಪರ್ರನೆ ಹರಿಯಿತು. ಧೊಪ್ಪೆಂದು ಬಿದ್ದು, ತಲೆಯೆತ್ತಿ ನೋಡುತ್ತಾಳೆ, ಅತ್ತೆ ಚನ್ನವ್ವ! ತಾರವ್ವ ಮನೆಯಲ್ಲಿ ಹೇಳದೆ ಬಂದಿದ್ದಳು. ಅಂಗಡಿಯ ಮಗ್ಗುಲಿಗೆ ಅತ್ತೆ ಎಷ್ಟೊತ್ತಿನಿಂದ ನಿಂತಿದ್ದಳೋ ಏನೋ.

“ಇಂಥಾ ಸೀರಿ ಉಟ್ಟು ಯಾರರ ಸೈಕಲ್ ಹತ್ತತಾರೇನ, ಖೋಡಿ?” ಎಂದವಳೇ ಚನ್ನವ್ವ ಸೊಸೆಯ ರಟ್ಟೆ ಹಿಡಿದು ಅಂಗಡಿಯ ಹಿಂದಿದ್ದ ಹುಸೇನಮಿಯಾನ ಮನೆಯೊಳಗೆ ಕರೆದೊಯ್ದಳು.

ಹೊರಗೆ ಬಂದಾಗ ತಾರವ್ವನ ಮೈಮೇಲೆ ಅತ್ತೆಯ ಹದಿನೆಂಟು ಮೊಳದ ಸೀರೆ, ಬಿಗಿಯಾದ ಕಚ್ಚೆ. ಮದುವೆಯಾದಂದಿನಿಂದ ಕಚ್ಚೆ ಬಿಡದ ಚನ್ನವ್ವ ಸೊಸೆಯ ಹರಕು ಸೀರೆ ಸುತ್ತಿಕೊಂಡು ಬಾಗಿಲಲ್ಲೇ ನಾಚಿ ನಿಂತಳು. ಅದನ್ನು ನೋಡಿ ತಾರವ್ವನ ಕಣ್ಣು ತುಂಬಿ ಬಂದವು.

ಹುಸೇನಮಿಯಾ ಸೀಟು ಇಳಿಸಿ ಕ್ಯಾರಿಯರ್ ಹಿಡಿದ. ತಾರವ್ವ ದಾಂಡಿಯ ಮೇಲಿಂದ ಕಾಲು ಹಾಕಿ ಸೀಟಿನ ಮೇಲೆ ಕೂತಳು. ಸೈಕಲ್ಲು ಓಲಾಡಿ, ನೆಟ್ಟಗಾಗಿ, ಇಳಿಜಾರಿಗೆ ಬಿತ್ತು. ಚಾಚಾನ ಕೈ ತಪ್ಪಿತು. ಪೆಡಲ್ ತುಳಿಯುವುದನ್ನು ಬಿಟ್ಟರೂ ಗಾಲಿ ನಿಲ್ಲಲೊಲ್ಲದು! ಹೆದರಿಕೆಗೆ ಅವಳ ಕಾಲು ಹಳೆಯ ಚಾಳಿಯಂತೆ ನೆಲದತ್ತ ಇಳಿಯಿತು.

ಜನ್ಮದಲ್ಲಿ ಸೈಕಲ್ ಮುಟ್ಟದ ಚನ್ನವ್ವ ಹರಕು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡುಬೀದಿಗೆ ಓಡಿಬಂದು ಕೂಗಿದಳು:

“ಕಾಲು ಮ್ಯಾಲೆತ್ತ ಬೇ ತಾರವ್ವಾ! ಬ್ರೇಕು, ಎರಡೂ ಕೂಡೇ ಹಿಡಿ!”