ಲಾಗಿನ್ ಆಗ್ತಿರೋದು ಯಾರು?

"ಮೂರನೇ ಸಲ ಕೇಳ್ತಾ ಇದೆ, ನೋಡಮ್ಮ!" ಕಾರ್ಖಾನೆಯ ಮುಖ್ಯಸ್ಥ ವೇಣುಗೋಪಾಲ್ ತಮ್ಮ ಫೋನನ್ನು, ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ತಂಜೀಲಾಳ ಮೇಜಿನ ಮೇಲೆ ಕುಕ್ಕಿದರು. ಪರದೆಯ ಮೇಲೆ 'ಲಾಗಿನ್ ಆಗುತ್ತಿರುವುದು ನೀವೇನಾ?' ಎಂಬ ಪ್ರಶ್ನೆಯಿತ್ತು. "ಇಪ್ಪತ್ತು ವರ್ಷದಿಂದ ಇಲ್ಲಿದ್ದೀನಿ. ನನ್ನನ್ನೇ ನಂಬದ ಸಿಸ್ಟಮ್ ಯಾಕೆ ಬೇಕು? ಇವತ್ತೇ ತೆಗೆಸ್ತೀನಿ." ಅವರ ಬೆರಳು 'ಹೌದು' ಎಂಬುದರತ್ತ ಹೋಯಿತು.

ಬಾಶೆಟ್ಟಿಹಳ್ಳಿಯ ಆ ದೊಡ್ಡ ಕಾರ್ಖಾನೆಯಲ್ಲಿ ಯಾರೇ ಆಗಲಿ, ಪ್ರತಿ ಸಲ ಲಾಗಿನ್ ಆಗುವಾಗಲೂ ಫೋನಿನಲ್ಲಿ ಗುರುತು ಖಚಿತಪಡಿಸಬೇಕೆಂಬ ವ್ಯವಸ್ಥೆ ತರಲು ತಂಜೀಲಾ ಒಂದು ವರ್ಷ ಹೆಣಗಿದ್ದಳು. ಅದು ಶುರುವಾಗಿ ಎರಡೇ ದಿನ. ಅರ್ಧಕ್ಕರ್ಧ ಜನ ಇನ್ನೂ ಅದನ್ನು ಫೋನಿಗೆ ಹಾಕಿಸಿಕೊಂಡೇ ಇರಲಿಲ್ಲ. ಅವಳು ಥಟ್ಟನೆ ಪರದೆಗೆ ಅಂಗೈ ಅಡ್ಡ ಇಟ್ಟಳು.

"ಒಂದ್ನಿಮಿಷ ಸರ್. ನಿಮ್ಮ ಲ್ಯಾಪ್‌ಟಾಪ್ ಎಲ್ಲಿ?"

"ಬ್ಯಾಗಲ್ಲಿದೆ. ಬೆಳಗ್ಗೆಯಿಂದ ತೆಗೆದೇ ಇಲ್ಲ."

"ಹಾಗಾದ್ರೆ ಈಗ ನಿಮ್ಮ ಪಾಸ್‌ವರ್ಡ್ ಹಾಕಿ ಒಳಗೆ ಬರ್ತಿರೋದು ಯಾರು ಸರ್?"

ವೇಣುಗೋಪಾಲರ ಕೋಪ ಜರ್ರನೆ ಇಳಿಯಿತು. ಅವರು 'ಅಲ್ಲ' ಎಂದು ಒತ್ತಿದರು. ತಂಜೀಲಾಳ ಕಂಪ್ಯೂಟರಿನಲ್ಲಿ ಆ ಅಪರಿಚಿತನ ಲಾಗಿನ್ ತಡೆದ ಸೂಚನೆ ಮೂಡಿತು. ಅವಳು ಕುರ್ಚಿಯಿಂದ ಜಿಗಿದೆದ್ದಳು. "ತಡೆದ್ಬಿಟ್ವಿ ಸರ್!"

ವೇಣುಗೋಪಾಲ್ ಬಾಗಿಲಿಗೆ ಹೋಗಿ ಇಡೀ ಆಫೀಸಿಗೆ ಕೇಳುವಂತೆ ಕೂಗಿದರು: "ಯಾರ್ಯಾರು ಇನ್ನೂ ಇದನ್ನ ಹಾಕಿಸ್ಕೊಂಡಿಲ್ವೋ, ಎಲ್ರೂ ಫೋನ್ ತಗೊಂಡು ಬೇಗ ಬನ್ರಪ್ಪ ಇಲ್ಲಿ!"