ಗಟ್ಟಿ ಬುಡ

ಮಾತಾಜಿ ಬೆರಳಿಗೆ ಬೂದಿ ಹಚ್ಚಿಕೊಂಡು ಮಾನಸಿಯ ನೆತ್ತಿಯಿಂದ ಒಂದಿಷ್ಟು ಕೂದಲು ಹಿಡಿದು ಎಳೆದರು. ಬರಲಿಲ್ಲ. ತೇರದಾಳದ ಬಸದಿಯ ಮುಂದಿನ ಮಂಟಪದಲ್ಲಿ ಜೈಕಾರ ನಿಂತುಹೋಯಿತು. ಆರ್ಯಿಕೆಯಾಗಿ ಸನ್ಯಾಸಕ್ಕೆ ಹೋಗುವವರ ಕೂದಲನ್ನು ಕತ್ತರಿಸುವಂತಿಲ್ಲ, ಕೈಯಿಂದಲೇ ಕೀಳಬೇಕು. ದೀಕ್ಷೆಗೆ ಕೂತ ಮಗಳ ಕೂದಲು ನೆಲಕ್ಕೆ ಬೀಳಬಾರದೆಂದು ಶಾಂತವ್ವ ಬಿಳಿ ಬಟ್ಟೆ ಹಿಡಿದಿದ್ದಳು. ಮಾತಾಜಿ ಇನ್ನೂ ಜೋರಾಗಿ ಎಳೆದಾಗ ಕೂದಲು ಕಿತ್ತು ಬಂದು ಬಟ್ಟೆಗೆ ಬಿತ್ತು. ಬುಡದಲ್ಲಿ ರಕ್ತದ ಚುಕ್ಕೆ ಇತ್ತು. ಮಾನಸಿ ಕಣ್ಣು ಮುಚ್ಚಿ ಕೂತಿದ್ದಳು.

ಹೈಸ್ಕೂಲಿನಲ್ಲಿದ್ದಾಗ ಇದೇ ಮಗಳು ಶಾಂಪೂ ಬಾಟಲಿ ತಂದು ಶಾಂತವ್ವನ ಮುಂದಿಟ್ಟಿದ್ದಳು. "ಇಂಥಾದ್ದನ್ನ ಮೊದಲ ಮೊಲದ ಕಣ್ಣಾಗ ಹಾಕಿ ನೋಡ್ತಾರಂತ ಬೇ ಅವ್ವಾ. ನನಗ ಬ್ಯಾಡ."

ಅಂದಿನಿಂದ ಶಾಂತವ್ವ ಅಂಗಡಿಯ ಶಾಂಪೂ, ಎಣ್ಣೆ ಯಾವುದನ್ನೂ ಮನೆಯೊಳಗೆ ತರಲಿಲ್ಲ. ದಾಸವಾಳದ ಎಲೆಗಳನ್ನು ಒಂದೊಂದಾಗಿ ತಿರುವಿ, ಹುಳವಿಲ್ಲವೆಂದು ಖಾತ್ರಿಯಾದ ಮೇಲೆಯೇ ಗಾಣದ ಕೊಬ್ಬರಿ ಎಣ್ಣೆಯಲ್ಲಿ ಕಾಸುತ್ತಿದ್ದಳು. ವಾರವಾರವೂ ಅದನ್ನು ಮಗಳ ಕೂದಲಿನ ಬುಡಕ್ಕೆ ಇಳಿಯುವ ಹಾಗೆ ತಿಕ್ಕಿ, ಮರುದಿನ ಸೀಗೆಕಾಯಿ ಹಾಕಿ ತೊಳೆಯುತ್ತಿದ್ದಳು. ಬಾಚಿದರೆ ಒಂದೆಳೆಯೂ ಉದುರುವುದಿಲ್ಲವೆಂದು ಜಮಖಂಡಿಯ ತಂಗಿಯ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದಳೋ. ಆ ಜಡೆಗೆ ಮದುವೆಯ ದಿನ ಮಲ್ಲಿಗೆ ದಂಡೆ ಮುಡಿಸುವ ಆಸೆಯನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಬುಡ ಭಾಳ ಗಟ್ಟಿ ಅದಾವು," ಎಂದು ಮಾತಾಜಿ ಮೆಲ್ಲಗೆ ಹೇಳಿ ಮತ್ತೆ ಬೂದಿಗೆ ಕೈ ಹಾಕಿದರು.

ಶಾಂತವ್ವ ಬಟ್ಟೆಯಿಂದ ಕಣ್ಣು ಮೇಲೆತ್ತಲಿಲ್ಲ.

"ತಪ್ಪಾತ್ರಿ ಮಾತಾಜಿ," ಎಂದಳು. "ಎಣ್ಣಿ ತಿಕ್ಕಿದಾಕಿ ನಾನ."