ಗಾಜಿನ ಮೇಜು

ಪರದೆಯ ಮೇಲೆ ಯಾರೂ ಮುಟ್ಟದೆಯೇ ಮೂರು ಅಕ್ಷರ ಮೂಡಿದವು. "ಥೂ, ಇದರ ಮನೆ ಹಾಳಾಗ!" ಎಂದು ಗೊಣಗುತ್ತ ಆಸ್ಪತ್ರೆಯ ನೋಂದಣಿ ಗುಮಾಸ್ತೆ ತೋಳಿನಿಂದಲೇ ಗಾಜು ಒರೆಸಿದಳು. ಇಡೀ ಮೇಜೇ ಪರದೆಯಾಗಿದ್ದ ಈ ಹೊಸ ಕಂಪ್ಯೂಟರ್ ಬಂದು ಹದಿನೈದು ದಿನ. ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿತ್ತು. ದಣಿದು ಅಂಗೈ ಊರಿದರೆ ಅದನ್ನೂ ಅಪ್ಪಣೆಯೆಂದುಕೊಂಡು ಅರ್ಜಿಯನ್ನೇ ಮುಚ್ಚಿಬಿಡುತ್ತಿತ್ತು.

"ಯಜಮಾನ್ರೇ, ನಿಮ್ಮ ಮನೆಯವರ ವಯಸ್ಸೆಷ್ಟು?"

"ಅರವತ್ತೆರಡು ಕಣಮ್ಮ. ಕಾಲು ಉಳುಕಿದೆ, ಅಲ್ಲಿ ಕೂತಿದಾಳೆ," ಎಂದಿತು ಎದುರಿನ ಮುದಿ ದನಿ. ಮೇಜಿನ ಅಂಚು ಹಿಡಿದಿದ್ದ ಎರಡು ಕೈಗಳಷ್ಟೇ ಅವಳಿಗೆ ಕಾಣುತ್ತಿದ್ದವು.

ಕೀಬೋರ್ಡ್ ಇದ್ದಾಗ ಹೀಗಿರಲಿಲ್ಲ. ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು, ಕಣ್ಣು ಎದುರಿನವರ ಮುಖದ ಮೇಲಿರುತ್ತಿತ್ತು. ಸಾಲಿನಲ್ಲಿ ಯಾರಿಗೆ ತಡೆಯಲಾಗುತ್ತಿಲ್ಲವೆಂದು ನೋಡಿ, ಅವರನ್ನೇ ಮೊದಲು ಒಳಗೆ ಕಳಿಸುತ್ತಿದ್ದಳು. ಈ ನುಣ್ಣನೆಯ ಗಾಜಿನಲ್ಲಿ ಬೆರಳಿಗೆ ಯಾವ ಗುರುತೂ ಸಿಗದು. ಒಂದೊಂದು ಅಕ್ಷರವನ್ನೂ ನೋಡಿಯೇ ಒತ್ತಬೇಕು.

ಮತ್ತೆ ಅಕ್ಷರಗಳು ತಾವಾಗಿಯೇ ಮೂಡಿದವು. ಮತ್ತೆ ಒರೆಸಿದಳು. ತೋಳಿಗೆ ತಣ್ಣಗೆ ತಗುಲಿತು. "ನೀರಿನ ಬಾಟಲಿ ಇಲ್ಲಿ ಇಟ್ಟಿದೀರೇನ್ರೀ?"

ಅಂಚು ಹಿಡಿದಿದ್ದ ಕೈಗಳು ಮೆಲ್ಲಗೆ ಸಡಿಲವಾದವು. ಅವಳು ತಲೆ ಎತ್ತಿದಳು. ಮುದುಕನ ಮುಖ ಬಿಳಿಚಿಕೊಂಡಿತ್ತು. ಹಣೆಯಿಂದ ಇಳಿದ ಬೆವರು ಗದ್ದದ ತುದಿಯಿಂದ ಗಾಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಸ್ಟ್ರೆಚರ್ ತನ್ನಿ, ಬೇಗ!" ಎಂದು ಕೂಗುತ್ತಲೇ ಮೇಜು ಬಳಸಿ ಓಡಿ, ಕುಸಿಯುತ್ತಿದ್ದ ಅವನನ್ನು ತಬ್ಬಿ ಹಿಡಿದಳು. ಅವಳ ತೋಳು ಅವನ ಬೆವರಿನಿಂದ ಆಗಲೇ ಒದ್ದೆಯಾಗಿತ್ತು.